ಅನ್ನಾ ಮೇ ವಾಂಗ್

ಅನ್ನಾ ಮೇ ವಾಂಗ್ (ಜನನ: 3 ಜನವರಿ 1905 – ನಿಧನ: 3 ಫೆಬ್ರವರಿ 1961) ಅಮೆರಿಕದ ಚಲನಚಿತ್ರ ನಟಿ. ಹಾಲಿವುಡ್‌ನಲ್ಲಿ ತಾರಾಪದವಿಗೇರಿದ ಮೊದಲ ಚೀನೀ-ಅಮೆರಿಕನ್ ನಟಿ ಎಂದು ಚಿತ್ರರಂಗದ ಇತಿಹಾಸವು ಅವರನ್ನು ಗುರುತಿಸುತ್ತದೆ. ಮೂಕಿ ಚಿತ್ರಗಳಿಂದ ಆರಂಭಿಸಿ ಟಾಕಿ ಚಿತ್ರ, ರಂಗಭೂಮಿ, ರೇಡಿಯೋ ಮತ್ತು ಟೆಲಿವಿಷನ್‌ವರೆಗೆ ಸುಮಾರು ನಾಲ್ಕು ದಶಕಗಳ ಕಾಲ ಅವರು ಅಭಿನಯಿಸಿದರು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿದ್ದರೂ ಅಲ್ಲಿನ ಚಿತ್ರರಂಗದಲ್ಲಿ ಅವರಿಗೆ ದೊರೆತದ್ದು ಹೆಚ್ಚಾಗಿ ದಾಸಿ, ಮೋಸಗಾತಿ ಅಥವಾ ಕೊನೆಯಲ್ಲಿ ಸಾಯುವ ಪ್ರೇಯಸಿಯ ಪಾತ್ರಗಳು. ಚೀನೀ ನಾಯಕಿಯ ಮಹತ್ವದ ಪಾತ್ರಗಳು ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟಿಯರ ಪಾಲಾಗುತ್ತಿದ್ದವು. ಪ್ರತಿಭೆಗೂ ಅವಕಾಶಕ್ಕೂ ನಡುವೆ ಇದ್ದ ಈ ಅಂತರವೇ ಅವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿತು.

ಆರಂಭಿಕ ಜೀವನ

ಅನ್ನಾ ಮೇ ವಾಂಗ್ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದರು. ತಂದೆ ವಾಂಗ್ ಸ್ಯಾಮ್ ಸಿಂಗ್ ಅಲ್ಲಿ ಲಾಂಡ್ರಿಯೊಂದನ್ನು ನಡೆಸುತ್ತಿದ್ದರು. ತಾಯಿ ಲೀ ಗೊನ್ ಟಾಯ್. ಈ ದಂಪತಿಯ ಎರಡನೆಯ ಮಗಳಿಗೆ ಮನೆಯವರು ಇಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ಇದರಲ್ಲಿ ವಾಂಗ್ ಎಂಬುದು ಕುಲನಾಮ. ಉಳಿದ ಭಾಗಕ್ಕೆ ಹಿಮ ಕವಿದ ವಿಲ್ಲೋ ಮರ ಎಂಬ ಅರ್ಥವಿದೆ. ತಂದೆ-ತಾಯಿಯರಿಬ್ಬರೂ ಅಮೆರಿಕದಲ್ಲಿಯೇ ಹುಟ್ಟಿದವರು. ಕುಟುಂಬದ ಪೂರ್ವಿಕರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಪ್ರದೇಶದವರು.

ಅಕ್ಕನೊಂದಿಗೆ ಮೊದಲು ಸೇರಿದ ಶಾಲೆಯಲ್ಲಿ ಇತರ ಮಕ್ಕಳ ಗೇಲಿ ಮತ್ತು ಕಿರುಕುಳ ವಿಪರೀತವಾದುದರಿಂದ ಇಬ್ಬರನ್ನೂ ಚೀನೀ ಮಕ್ಕಳಿಗಾಗಿ ಇದ್ದ ಮಿಷನ್ ಶಾಲೆಗೆ ಸೇರಿಸಲಾಯಿತು. ಅದೇ ಕಾಲದಲ್ಲಿ ಅಮೆರಿಕದ ಚಲನಚಿತ್ರೋದ್ಯಮವು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಳ್ಳುತ್ತಿತ್ತು. ಬೀದಿಗಳಲ್ಲಿ ನಡೆಯುತ್ತಿದ್ದ ಚಿತ್ರೀಕರಣವನ್ನು ನೋಡಲು ಬಾಲಕಿ ಶಾಲೆ ತಪ್ಪಿಸಿ ಹೋಗುತ್ತಿದ್ದಳು. ಊಟಕ್ಕೆಂದು ಕೊಟ್ಟ ಕಾಸನ್ನು ಉಳಿಸಿ ಚಿತ್ರ ನೋಡುತ್ತಿದ್ದಳು. ಪದೇ ಪದೇ ಬಂದು ಪ್ರಶ್ನೆ ಕೇಳುತ್ತಿದ್ದ ಈ ಹುಡುಗಿಗೆ ಚಿತ್ರತಂಡದವರು ‘ಕುತೂಹಲದ ಚೀನೀ ಮಗು’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದರು. ಸುಮಾರು 11ನೆಯ ವಯಸ್ಸಿನಲ್ಲಿ ಮನೆಯ ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ಜೋಡಿಸಿ ‘ಅನ್ನಾ ಮೇ ವಾಂಗ್’ ಎಂಬ ಹೆಸರನ್ನು ಅವರೇ ರೂಪಿಸಿಕೊಂಡರು.

ಮೂಕಿ ಚಿತ್ರಗಳ ಕಾಲ

1919ರಲ್ಲಿ ತೆರೆಕಂಡ ‘ದಿ ರೆಡ್ ಲ್ಯಾಂಟರ್ನ್’ ಚಿತ್ರಕ್ಕೆ ಚೀನೀ ಹುಡುಗಿಯರ ದೊಡ್ಡ ಗುಂಪೊಂದು ಬೇಕಾಗಿತ್ತು. ಆ ಗುಂಪಿನಲ್ಲಿ ದೀಪ ಹಿಡಿದು ನಿಲ್ಲುವುದು ವಾಂಗ್ ಅವರ ಮೊದಲ ಪಾತ್ರ. ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೆಲವು ಸಣ್ಣ ಪಾತ್ರಗಳ ನಂತರ 1921ರಲ್ಲಿ ಅವರು ಪ್ರೌಢಶಾಲೆಯನ್ನು ಬಿಟ್ಟು ಪೂರ್ಣಾವಧಿಯ ನಟಿಯಾದರು.

1922ರ ‘ದಿ ಟೋಲ್ ಆಫ್ ದಿ ಸೀ’ ಚಿತ್ರದಲ್ಲಿ, 17ನೆಯ ವಯಸ್ಸಿಗೆ, ಅವರು ಮೊದಲ ಬಾರಿ ನಾಯಕಿಯಾದರು. ಟೆಕ್ನಿಕಲರ್ ಸಂಸ್ಥೆಯ ಎರಡು ಬಣ್ಣಗಳ ವಿಧಾನದಲ್ಲಿ ತಯಾರಾದ ಈ ಚಿತ್ರ ಬಣ್ಣದ ಚಲನಚಿತ್ರಗಳ ಇತಿಹಾಸದಲ್ಲಿಯೂ ಮುಖ್ಯವಾದುದು. ದೃಶ್ಯದ ಕೆಂಪು ಮತ್ತು ಹಸಿರು ಅಂಶಗಳನ್ನು ಕ್ಯಾಮೆರಾ ಬೇರೆ ಬೇರೆಯಾಗಿ ದಾಖಲಿಸುತ್ತಿತ್ತು. ಅನಂತರ ಬಣ್ಣ ಕಟ್ಟಿದ ಎರಡು ತೆಳುವಾದ ಫಿಲ್ಮ್ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಅಂಟಿಸಲಾಗುತ್ತಿತ್ತು. ಹೀಗಾಗಿ ಸಾಮಾನ್ಯ ಪ್ರೊಜೆಕ್ಟರಿನಲ್ಲಿಯೇ ಬಣ್ಣದ ಚಿತ್ರವನ್ನು ತೋರಿಸುವುದು ಸಾಧ್ಯವಾಯಿತು. ಕಥೆಯಲ್ಲಿ ಚೀನೀ ತರುಣಿ ಲೋಟಸ್ ಫ್ಲವರ್ ಅಮೆರಿಕದವನೊಬ್ಬನನ್ನು ಪ್ರೀತಿಸಿ, ಅವನಿಂದ ದೂರವಾಗಿ, ತನ್ನ ಮಗುವನ್ನು ಅವನ ಬಿಳಿಯ ಪತ್ನಿಗೆ ಒಪ್ಪಿಸಿ ಸಮುದ್ರಕ್ಕೆ ಆಹುತಿಯಾಗುತ್ತಾಳೆ. ಕಣ್ಣು ಮತ್ತು ಮುಖಭಾವದಲ್ಲಿಯೇ ದುಃಖವನ್ನು ತುಂಬಿಕೊಡುವ ಅವರ ಸಂಯಮದ ಅಭಿನಯವನ್ನು ವಿಮರ್ಶಕರು ಮೆಚ್ಚಿದರು.

1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಅವರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದ ಮಂಗೋಲ್ ದಾಸಿಯ ಪಾತ್ರವು ಅವರನ್ನು ವಿಶ್ವವಿಖ್ಯಾತರನ್ನಾಗಿಸಿತು. ಇದೇ ಹೆಸರಿನಲ್ಲಿ 1940ರಲ್ಲಿ ಮತ್ತೆ ತಯಾರಾದ ಚಿತ್ರದಲ್ಲಿ ಕಳ್ಳ ಹುಡುಗನ ಪಾತ್ರ ವಹಿಸಿದವರು ಅಂದಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. 1924ರಲ್ಲಿಯೇ ವಾಂಗ್ ಚೀನೀ ಪುರಾಣಕಥೆಗಳನ್ನು ಚಿತ್ರವಾಗಿಸುವ ಉದ್ದೇಶದಿಂದ ಸ್ವಂತ ನಿರ್ಮಾಣ ಸಂಸ್ಥೆಯನ್ನು ಆರಂಭಿಸಿದರಾದರೂ ಅದು ಬೇಗನೆ ಮುಚ್ಚಿಹೋಯಿತು.

ಕಾನೂನು ಮತ್ತು ಕಟ್ಟುಪಾಡುಗಳು

ವಾಂಗ್ ಅವರಿಗೆ ನಾಯಕಿಯ ಪಾತ್ರಗಳು ಏಕೆ ಸಿಗಲಿಲ್ಲ ಎಂಬುದನ್ನು ತಿಳಿಯಲು ಅಂದಿನ ಅಮೆರಿಕದ ಕಾನೂನುಗಳನ್ನು ಗಮನಿಸಬೇಕು. 1882ರ ಚೀನೀಯರ ನಿಷೇಧ ಕಾಯಿದೆಯು ಚೀನಾದ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನು ತಡೆದಿತ್ತು. ಈ ನಿಷೇಧ 1943ರವರೆಗೂ ಮುಂದುವರಿಯಿತು. ಇದರ ಪರಿಣಾಮವಾಗಿ, ಅಮೆರಿಕದಲ್ಲಿ ಹುಟ್ಟಿದ ಚೀನೀ ಮೂಲದವರೂ ವಿದೇಶಕ್ಕೆ ಹೋಗುವ ಮುನ್ನ ಅರ್ಜಿ ಸಲ್ಲಿಸಿ, ತಾವು ಅಲ್ಲಿನ ಪ್ರಜೆಗಳೇ ಎಂದು ಸಿದ್ಧಪಡಿಸಬೇಕಾಗಿತ್ತು. ಇಲ್ಲವಾದರೆ ಹಿಂದಿರುಗುವುದು ಕಷ್ಟವಾಗುತ್ತಿತ್ತು. ಪ್ರಸಿದ್ಧ ನಟಿಯಾಗಿದ್ದ ವಾಂಗ್ ಅವರಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಮತ್ತು ಏಷ್ಯಾ ಮೂಲದವರ ನಡುವಿನ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿದ್ದು 1948ರಲ್ಲಿ. ಚಿತ್ರರಂಗವು 1930ರಲ್ಲಿ ಅಂಗೀಕರಿಸಿ 1934ರಿಂದ ಬಿಗಿಯಾಗಿ ಜಾರಿಗೊಳಿಸಿದ ನೀತಿಸಂಹಿತೆಯು ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದೆಂದು ವಿಧಿಸಿತು. ಆಚರಣೆಯಲ್ಲಿ ಈ ನಿಷೇಧವನ್ನು ಏಷ್ಯಾ ಮೂಲದವರಿಗೂ ಅನ್ವಯಿಸಲಾಯಿತು. ನಾಯಕ ಬಿಳಿಯನಾಗಿದ್ದರೆ ವಾಂಗ್ ಅವನ ಪ್ರೇಯಸಿಯಾಗಿ ಚಿತ್ರದ ಕೊನೆಯವರೆಗೆ ಉಳಿಯುವಂತಿರಲಿಲ್ಲ. ನಾಯಕ ಚೀನೀಯನಾಗಿದ್ದರೆ ಆ ಪಾತ್ರವನ್ನೂ ಸಾಮಾನ್ಯವಾಗಿ ಬಿಳಿಯ ನಟನೇ ಮಾಡುತ್ತಿದ್ದುದರಿಂದ ಅವನ ಜೋಡಿಯೂ ಬಿಳಿಯಳೇ ಆಗಬೇಕಾಗುತ್ತಿತ್ತು. ಬಿಳಿಯ ಕಲಾವಿದರು ಕಣ್ಣಿನ ಆಕಾರವನ್ನೂ ಮೈಬಣ್ಣವನ್ನೂ ಪ್ರಸಾಧನದಿಂದ ಬದಲಿಸಿಕೊಂಡು ಏಷ್ಯಾದವರಾಗಿ ನಟಿಸುವ ಈ ರೂಢಿಯನ್ನು ‘ಯೆಲ್ಲೋಫೇಸ್’ ಎಂದು ಕರೆಯಲಾಗುತ್ತದೆ. 1927ರ ‘ಮಿಸ್ಟರ್ ವು’ ಚಿತ್ರದಲ್ಲಿ ಚೀನೀ ನಾಯಕಿಯಾಗಿ ಫ್ರಾನ್ಸಿನ ರೆನೆ ಅಡೊರೆ ನಟಿಸಿದರೆ, ನಿಜವಾದ ಚೀನೀ ಮೂಲದ ವಾಂಗ್ ಅವರಿಗೆ ಉಪಪಾತ್ರ ದೊರೆಯಿತು.

ಯುರೋಪಿನಲ್ಲಿ

ಇಂತಹ ಪಾತ್ರಗಳಿಂದ ಬೇಸತ್ತ ವಾಂಗ್ 1928ರಲ್ಲಿ ಯುರೋಪಿಗೆ ತೆರಳಿದರು. ಜರ್ಮನಿಯಲ್ಲಿ ರಿಷರ್ಡ್ ಐಖ್‌ಬರ್ಗ್ ಅವರ ನಿರ್ದೇಶನದ ‘ಸಾಂಗ್’ ಚಿತ್ರದ ನಾಯಕಿಯಾಗಿ ಜನಮನ್ನಣೆ ಗಳಿಸಿದರು. ಬರ್ಲಿನ್‌ನಲ್ಲಿ ಚಿಂತಕ ವಾಲ್ಟರ್ ಬೆಂಜಮಿನ್ ಅವರನ್ನು ಸಂದರ್ಶಿಸಿ ಲೇಖನ ಬರೆದರು. ಇ. ಎ. ಡುಪಾಂಟ್ ನಿರ್ದೇಶಿಸಿದ ಬ್ರಿಟನ್ನಿನ ‘ಪಿಕಾಡಿಲಿ’ (1929) ಅವರ ಕೊನೆಯ ಮೂಕಿ ಚಿತ್ರ. ಲಂಡನ್ನಿನ ನೈಟ್‌ಕ್ಲಬ್ಬೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಶೋಶೋ ಎಂಬ ಹುಡುಗಿ ನರ್ತಕಿಯಾಗಿ ಮೇಲೇರುವ ಕಥೆ ಅದರದು. ಇಂದು ಇದನ್ನು ಅವರ ಶ್ರೇಷ್ಠ ಅಭಿನಯಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ. ಆದರೆ ಅಲ್ಲಿಯೂ ಶೋಶೋ ಮತ್ತು ಬಿಳಿಯ ಮಾಲೀಕನ ಚುಂಬನ ತೆರೆಯ ಮೇಲೆ ಕಾಣುವುದಿಲ್ಲ, ಶೋಶೋ ಕೊಲೆಯಾಗುತ್ತಾಳೆ.

1929ರಲ್ಲಿ ಲಂಡನ್ ರಂಗಭೂಮಿಯಲ್ಲಿ ‘ದಿ ಸರ್ಕಲ್ ಆಫ್ ಚಾಕ್’ ನಾಟಕದಲ್ಲಿ ಅವರು ಲಾರೆನ್ಸ್ ಒಲಿವಿಯೇ ಅವರೊಂದಿಗೆ ನಟಿಸಿದರು. ಅವರ ಮಾತಿನಲ್ಲಿ ಅಮೆರಿಕದ ಉಚ್ಚಾರವಿದೆ ಎಂದು ವಿಮರ್ಶಕರು ಆಕ್ಷೇಪಿಸಿದಾಗ ಶಿಕ್ಷಕರನ್ನಿಟ್ಟುಕೊಂಡು ಇಂಗ್ಲೆಂಡಿನ ಉಚ್ಚಾರವನ್ನು ರೂಢಿಸಿಕೊಂಡರು. ಅವರ ಮೊದಲ ಟಾಕಿ ಚಿತ್ರವಾದ ‘ದಿ ಫ್ಲೇಮ್ ಆಫ್ ಲವ್’ (1930) ಇಂಗ್ಲಿಷ್, ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಪ್ರತ್ಯೇಕವಾಗಿ ಚಿತ್ರೀಕರಣಗೊಂಡಿತು. ಮೂರರಲ್ಲಿಯೂ ಅವರೇ ನಾಯಕಿ.

ಹಾಲಿವುಡ್‌ಗೆ ಮರಳಿಕೆ

1930ರಲ್ಲಿ ಅಮೆರಿಕಕ್ಕೆ ಹಿಂದಿರುಗಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ‘ಆನ್ ದಿ ಸ್ಪಾಟ್’ ನಾಟಕದಲ್ಲಿ ನಟಿಸಿದರು. ಅದೇ ವರ್ಷ ಅವರ ತಾಯಿ ಕಾರು ಬಡಿದು ಮೃತರಾದರು. ಪ್ಯಾರಾಮೌಂಟ್ ಸಂಸ್ಥೆಯ ‘ಡಾಟರ್ ಆಫ್ ದಿ ಡ್ರ್ಯಾಗನ್’ (1931) ಚಿತ್ರದಲ್ಲಿ ಅವರ ಹೆಸರು ಮೊದಲು ಬಂದರೂ ದೊರೆತ ಸಂಭಾವನೆ 6,000 ಡಾಲರ್. ಚಿತ್ರದ ಆರಂಭದ ಭಾಗದಲ್ಲಿ ಮಾತ್ರ ಚೀನೀ ಖಳನಾಯಕನಾಗಿ ಕಾಣಿಸಿಕೊಂಡ, ಸ್ವೀಡನ್ ಮೂಲದ ವಾರ್ನರ್ ಓಲಾಂಡ್ ಅವರಿಗೆ 12,000 ಡಾಲರ್ ಸಂದಿತು.

ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ನಿರ್ದೇಶಿಸಿದ ‘ಶಾಂಘೈ ಎಕ್ಸ್‌ಪ್ರೆಸ್’ (1932) ಅವರ ಅತ್ಯಂತ ಪ್ರಸಿದ್ಧ ಚಿತ್ರ. ಅಂತರ್ಯುದ್ಧದ ಚೀನಾದಲ್ಲಿ ಸಾಗುವ ರೈಲಿನಲ್ಲಿ ಮಾರ್ಲೀನ್ ಡೀಟ್ರಿಕ್ ಅವರ ಸಹಪ್ರಯಾಣಿಕಳಾದ ಹುಯಿ ಫೇ ಎಂಬ ಪಾತ್ರ ಅವರದು. ತನ್ನ ಮೇಲೆ ಅತ್ಯಾಚಾರವೆಸಗಿದ ಬಂಡಾಯ ನಾಯಕನನ್ನು ಹುಯಿ ಫೇ ಕೊಂದು ಉಳಿದ ಪ್ರಯಾಣಿಕರ ಬಿಡುಗಡೆಗೆ ಕಾರಣಳಾಗುತ್ತಾಳೆ. ಮಾತು ಕಡಿಮೆ, ನೋಟ ಮತ್ತು ನಿಲುವುಗಳೇ ಹೆಚ್ಚು. ಮೂಕಿ ಚಿತ್ರಗಳಲ್ಲಿ ಪಳಗಿದ ಅವರ ಕಲೆಗೆ ಈ ಪಾತ್ರ ಹೇಳಿ ಮಾಡಿಸಿದಂತಿತ್ತು. ಈ ಚಿತ್ರದ ಛಾಯಾಗ್ರಹಣಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು.

‘ದಿ ಗುಡ್ ಅರ್ಥ್’ ಪ್ರಕರಣ

ಪರ್ಲ್ ಬಕ್ ಅವರ 1931ರ ಕಾದಂಬರಿ ‘ದಿ ಗುಡ್ ಅರ್ಥ್’ ಚೀನಾದ ರೈತ ವಾಂಗ್ ಲುಂಗ್ ಮತ್ತು ಅವನ ಪತ್ನಿ ಓಲಾನ್‌ಳ ಕಥೆ. ಎಂಜಿಎಂ ಸಂಸ್ಥೆ ಇದನ್ನು ಚಿತ್ರವಾಗಿಸಲು ಹೊರಟಾಗ ಓಲಾನ್ ಪಾತ್ರ ತಮಗೆ ದೊರೆಯಬೇಕೆಂದು ವಾಂಗ್ ಬಹಳವಾಗಿ ಬಯಸಿದ್ದರು. ಆದರೆ ವಾಂಗ್ ಲುಂಗ್ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ ಆಯ್ಕೆಯಾದರು. ಓಲಾನ್ ಪಾತ್ರ ಜರ್ಮನ್ ಮೂಲದ ಲೂಯಿಸ್ ರೈನರ್ ಅವರಿಗೆ ಹೋಯಿತು. ಸಂಸಾರವನ್ನು ಕೆಡಿಸುವ ಎರಡನೆಯ ಹೆಂಗಸು ಲೋಟಸ್‌ಳ ಪಾತ್ರಕ್ಕೆ ಮಾತ್ರ ವಾಂಗ್ ಅವರನ್ನು ಪರಿಗಣಿಸಲಾಯಿತು. ಮುಖ್ಯ ಪಾತ್ರಗಳೆಲ್ಲ ಬಿಳಿಯರ ಪಾಲಾಗಿ, ಕೆಡುಕಿನ ಪಾತ್ರವೊಂದೇ ಚೀನೀ ನಟಿಗೆ ಉಳಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಆ ಪಾತ್ರವನ್ನೂ ಆಸ್ಟ್ರಿಯಾದ ನರ್ತಕಿ ಟಿಲಿ ಲಾಶ್ ನಿರ್ವಹಿಸಿದರು. 1937ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿನ ಅಭಿನಯಕ್ಕಾಗಿ ರೈನರ್ ಶ್ರೇಷ್ಠ ನಟಿಯೆಂದು ಆಸ್ಕರ್ ಪಡೆದರು.

ಚೀನಾ ಪ್ರವಾಸ

1936ರ ಜನವರಿಯಲ್ಲಿ ವಾಂಗ್ ಮೊದಲ ಬಾರಿ ಚೀನಾಕ್ಕೆ ಪ್ರಯಾಣ ಬೆಳೆಸಿದರು. ಶಾಂಘೈ, ಹಾಂಗ್‌ಕಾಂಗ್ ಮುಂತಾದೆಡೆ ಸಂಚರಿಸಿದರು. ಮ್ಯಾಂಡರಿನ್ ಭಾಷೆಯನ್ನೂ ಚೀನೀ ರಂಗಕಲೆಯನ್ನೂ ಅಭ್ಯಸಿಸಿದರು. ಅಲ್ಲಿನ ಪ್ರಖ್ಯಾತ ರಂಗನಟ ಮೇ ಲಾನ್‌ಫಾಂಗ್ ಅವರನ್ನು ಭೇಟಿಯಾದರು. ತೈಶಾನ್ ಸಮೀಪದ ಪೂರ್ವಿಕರ ಹಳ್ಳಿಗೂ ಹೋದರು. ಅವರ ತಂದೆ ಆಗ ಅಲ್ಲಿ ನೆಲೆಸಿದ್ದರು. ಪ್ರವಾಸದ ಅನುಭವಗಳನ್ನು ಅಮೆರಿಕದ ಪತ್ರಿಕೆಗಳಿಗೆ ಬರೆದರು. ಆದರೆ ಚೀನಾದಲ್ಲಿಯೂ ಅವರಿಗೆ ದೊರೆತದ್ದು ಬರೀ ಸ್ವಾಗತವಲ್ಲ. ಹಾಲಿವುಡ್‌ನಲ್ಲಿ ದಾಸಿ ಮತ್ತು ಖಳನಾಯಕಿಯ ಪಾತ್ರಗಳನ್ನು ಮಾಡಿ ಚೀನಾದ ಮರ್ಯಾದೆ ಕಳೆದರೆಂದು ಅಲ್ಲಿನ ಸರ್ಕಾರದವರೂ ಪತ್ರಿಕೆಗಳೂ ಅವರನ್ನು ದೂಷಿಸಿದ್ದವು. ಅಮೆರಿಕದಲ್ಲಿ ಚೀನೀಯಳೆಂದೂ ಚೀನಾದಲ್ಲಿ ವಿದೇಶಿಯಳೆಂದೂ ಎಣಿಸಲ್ಪಡುವ ಇಕ್ಕಟ್ಟು ಅವರದಾಗಿತ್ತು.

ನಂತರದ ಚಿತ್ರಗಳು ಮತ್ತು ಯುದ್ಧಕಾಲ

ಮರಳಿ ಬಂದ ಮೇಲೆ ಪ್ಯಾರಾಮೌಂಟ್ ಸಂಸ್ಥೆಗಾಗಿ ಕಡಿಮೆ ವೆಚ್ಚದ ಕೆಲವು ಚಿತ್ರಗಳಲ್ಲಿ ನಟಿಸಿದರು. ದೊಡ್ಡ ಚಿತ್ರಗಳು ಕೊಡದಿದ್ದ ಗೌರವವನ್ನು ಈ ಚಿಕ್ಕ ಚಿತ್ರಗಳು ಕೊಟ್ಟವು. ‘ಡಾಟರ್ ಆಫ್ ಶಾಂಘೈ’ (1937) ಚಿತ್ರದಲ್ಲಿ ತಂದೆಯ ಕೊಲೆಗಾರರನ್ನು ಪತ್ತೆಹಚ್ಚುವ ಧೀರ ತರುಣಿಯ ಪಾತ್ರ ಅವರದು. ನಾಯಕನಾದ ಸರ್ಕಾರಿ ಪತ್ತೇದಾರನ ಪಾತ್ರವನ್ನು ಕೊರಿಯಾ ಮೂಲದ ಅಮೆರಿಕನ್ ನಟ ಫಿಲಿಪ್ ಆನ್ ವಹಿಸಿದ್ದರು. ನಾಯಕ-ನಾಯಕಿಯರಿಬ್ಬರೂ ಏಷ್ಯಾ ಮೂಲದವರಾಗಿದ್ದು, ಕಥೆ ಸುಖಾಂತವಾದುದು ಆ ಕಾಲಕ್ಕೆ ಅಪರೂಪ. 2006ರಲ್ಲಿ ಈ ಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಲಾಯಿತು. ‘ಕಿಂಗ್ ಆಫ್ ಚೈನಾಟೌನ್’ (1939) ಚಿತ್ರದಲ್ಲಿ ಅವರು ಶಸ್ತ್ರವೈದ್ಯೆಯಾಗಿ ನಟಿಸಿದರು.

1937ರಲ್ಲಿ ಜಪಾನ್ ಚೀನಾದ ಮೇಲೆ ಆಕ್ರಮಣ ಮಾಡಿದ ನಂತರ ಸಂತ್ರಸ್ತರ ನೆರವಿಗಾಗಿ ತಮ್ಮ ಚಿತ್ರಗಳ ಉಡುಪುಗಳನ್ನು ಹರಾಜು ಹಾಕಿದರು. 1942ರ ‘ಬಾಂಬ್ಸ್ ಓವರ್ ಬರ್ಮಾ’ ಮತ್ತು ‘ಲೇಡಿ ಫ್ರಮ್ ಚುಂಗ್‌ಕಿಂಗ್’ ಚಿತ್ರಗಳ ಸಂಭಾವನೆಯನ್ನೂ ಚೀನಾದ ಪರಿಹಾರ ನಿಧಿಗೆ ದಾನ ಮಾಡಿದರು.

ಕೊನೆಯ ವರ್ಷಗಳು

1951ರಲ್ಲಿ ಡುಮಾಂಟ್ ಟೆಲಿವಿಷನ್ ಜಾಲವು ಪ್ರಸಾರ ಮಾಡಿದ ‘ದಿ ಗ್ಯಾಲರಿ ಆಫ್ ಮೇಡಮ್ ಲಿಯು-ತ್ಸಾಂಗ್’ ಧಾರಾವಾಹಿಯಲ್ಲಿ ಅವರು ಪತ್ತೇದಾರಿಕೆಯನ್ನೂ ನಡೆಸುವ ಕಲಾವಸ್ತುಗಳ ವ್ಯಾಪಾರಿಯಾಗಿ ನಟಿಸಿದರು. ಏಷ್ಯಾ ಮೂಲದ ಅಮೆರಿಕನ್ ಕಲಾವಿದರೊಬ್ಬರು ಮುಖ್ಯ ಪಾತ್ರದಲ್ಲಿದ್ದ ಮೊದಲ ಅಮೆರಿಕನ್ ಟೆಲಿವಿಷನ್ ಧಾರಾವಾಹಿ ಇದು. ಅದರ ಪ್ರತಿಗಳು ಉಳಿದಿಲ್ಲ. 1960ರ ‘ಪೋರ್ಟ್ರೇಟ್ ಇನ್ ಬ್ಲ್ಯಾಕ್’ ಚಿತ್ರದಲ್ಲಿ ಲಾನಾ ಟರ್ನರ್ ಅವರ ಮನೆಗೆಲಸದಾಕೆಯಾಗಿ ಕಾಣಿಸಿಕೊಂಡರು. ಅದೇ ವರ್ಷ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರವನ್ನು ಹಾಕಲಾಯಿತು. ಬಹುತೇಕ ಏಷ್ಯಾ ಮೂಲದ ಕಲಾವಿದರೇ ಇದ್ದ ‘ಫ್ಲವರ್ ಡ್ರಮ್ ಸಾಂಗ್’ ಚಿತ್ರಕ್ಕೆ ಅವರನ್ನು ಆರಿಸಲಾಗಿತ್ತಾದರೂ ಅನಾರೋಗ್ಯದಿಂದ ಅದು ಕೈಗೂಡಲಿಲ್ಲ. 1961ರ ಫೆಬ್ರವರಿ 3ರಂದು ಸ್ಯಾಂಟಾ ಮೋನಿಕಾದ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಅವರು ವಿವಾಹವಾಗಿರಲಿಲ್ಲ.

ಮೌಲ್ಯಮಾಪನ ಮತ್ತು ಸ್ಮರಣೆ

ಮರಣಾನಂತರ ಕೆಲವು ದಶಕಗಳ ಕಾಲ ವಾಂಗ್ ಅವರನ್ನು ಏಷ್ಯಾದ ಹೆಣ್ಣಿನ ಬಗೆಗಿನ ಸಿದ್ಧ ಅಚ್ಚುಗಳ ಪ್ರತಿನಿಧಿ ಎಂದಷ್ಟೇ ನೋಡಲಾಗುತ್ತಿತ್ತು. ಇತ್ತೀಚಿನ ಅಧ್ಯಯನಗಳು, ಆ ಪಾತ್ರಗಳ ಚೌಕಟ್ಟಿನೊಳಗಿದ್ದುಕೊಂಡೇ ಅವರು ತೋರಿದ ಘನತೆಯನ್ನೂ, ಪಾತ್ರಹಂಚಿಕೆಯ ಅನ್ಯಾಯದ ಬಗ್ಗೆ ಸಂದರ್ಶನಗಳಲ್ಲಿ ಬಹಿರಂಗವಾಗಿ ಮಾತನಾಡಿದ ಧೈರ್ಯವನ್ನೂ ಎತ್ತಿಹಿಡಿದಿವೆ. ಹಾಲಿವುಡ್‌ನಲ್ಲಿ ನಾಲ್ವರು ನಟಿಯರ ಪ್ರತಿಮೆಗಳು ಆಧಾರವಾಗಿರುವ ಮಂಟಪವೊಂದಿದ್ದು, ಅವರಲ್ಲಿ ವಾಂಗ್ ಒಬ್ಬರು. 2022ರಲ್ಲಿ ಅಮೆರಿಕದ ಟಂಕಸಾಲೆಯು ಅವರ ಮುಖಚಿತ್ರವಿರುವ 25 ಸೆಂಟ್ ನಾಣ್ಯವನ್ನು ಹೊರತಂದಿತು. ಅಮೆರಿಕದ ಚಲಾವಣೆಯ ಹಣದಲ್ಲಿ ಏಷ್ಯಾ ಮೂಲದ ಅಮೆರಿಕನ್ ವ್ಯಕ್ತಿಯೊಬ್ಬರ ಚಿತ್ರ ಬಂದುದು ಅದೇ ಮೊದಲು. ಓಲಾನ್ ಪಾತ್ರ ಅವರ ಕೈತಪ್ಪಿ ಎಂಟು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 2023ರಲ್ಲಿ, ಮಲೇಷ್ಯಾದ ಮಿಶೆಲ್ ಯೋ ಶ್ರೇಷ್ಠ ನಟಿಯ ಆಸ್ಕರ್ ಪಡೆದರು. ತಮ್ಮನ್ನು ಏಷ್ಯಾದವರೆಂದು ಗುರುತಿಸಿಕೊಂಡ ನಟಿಯೊಬ್ಬರಿಗೆ ಆ ಪ್ರಶಸ್ತಿ ಸಂದುದು ಅದೇ ಮೊದಲ ಬಾರಿ.

ಆಯ್ದ ಚಲನಚಿತ್ರಗಳು

- ದಿ ಟೋಲ್ ಆಫ್ ದಿ ಸೀ (1922)
- ದಿ ಥೀಫ್ ಆಫ್ ಬಾಗ್ದಾದ್ (1924)
- ಪೀಟರ್ ಪ್ಯಾನ್ (1924)
- ಸಾಂಗ್ (1928)
- ಪಿಕಾಡಿಲಿ (1929)
- ಶಾಂಘೈ ಎಕ್ಸ್‌ಪ್ರೆಸ್ (1932)
- ಡಾಟರ್ ಆಫ್ ಶಾಂಘೈ (1937)
- ಕಿಂಗ್ ಆಫ್ ಚೈನಾಟೌನ್ (1939)
- ಲೇಡಿ ಫ್ರಮ್ ಚುಂಗ್‌ಕಿಂಗ್ (1942)
- ಇಂಪ್ಯಾಕ್ಟ್ (1949)
- ಪೋರ್ಟ್ರೇಟ್ ಇನ್ ಬ್ಲ್ಯಾಕ್ (1960)