ಗಾಡಿ, ಟ್ರ್ಯಾಕ್ಟರುಗಳ ಟೈರು: ಆಯ್ಕೆ ಮತ್ತು ಸಂರಕ್ಷಣೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಒಂದರ ಮಗ್ಗುಲಲ್ಲಿ ಒಂದು ಇದ್ದರೂ ನೆಲದ ಗುಣದಲ್ಲಿ ಒಂದರಂತೆ ಒಂದಿಲ್ಲ. ಕಡೂರಿನ ಕಡೆ ರಾಗಿ, ತೆಂಗು ಬೆಳೆಯುವ ಒಣ ಬಯಲು, ಬದುಗಳಲ್ಲಿ ಜಾಲಿಮುಳ್ಳು. ಅಜ್ಜಂಪುರದ ಕಡೆ ಮಳೆ ಬಿದ್ದೊಡನೆ ಗಾಲಿಗೆ ಅಂಟುವ ಎರೆಭೂಮಿ, ಈರುಳ್ಳಿಯ ಬೆಳೆ. ತರೀಕೆರೆಯ ಕಡೆ ಅಡಿಕೆಯ ತೋಟ, ಭತ್ತದ ಗದ್ದೆ, ಲಿಂಗದಹಳ್ಳಿಯಿಂದಾಚೆಗೆ ಬೆಟ್ಟದ ಏರುಮಾರ್ಗ. ಈ ಮೂರು ಬಗೆಯ ನೆಲದಲ್ಲಿಯೂ ಫಸಲನ್ನು ಹೊತ್ತು ತರುವುದು ಇಂದು ಬಹುಮಟ್ಟಿಗೆ ರಬ್ಬರಿನ ಗಾಲಿಯೇ. ಎತ್ತಿಗೆ ಹುಲ್ಲು ನೀರು ತಪ್ಪಿಸದ ರೈತನೂ ಈ ಗಾಲಿಯ ಯೋಗಕ್ಷೇಮವನ್ನು ಅದು ಒಡೆಯುವ ದಿನದವರೆಗೆ ವಿಚಾರಿಸುವುದಿಲ್ಲ. ಒಡೆಯುವುದಾದರೋ ಸಾಮಾನ್ಯವಾಗಿ ಪೂರ್ಣಭಾರ ಹೇರಿದ ದಿನ, ಬಿಸಿಲಿನ ಹೊತ್ತಿನಲ್ಲಿ, ಮಾರುಕಟ್ಟೆಯ ಹಾದಿಯಲ್ಲಿ. ಈರುಳ್ಳಿ ಮಣ್ಣುಪಾಲಾದರೆ ಮುಂದಿನ ಬೆಳೆಯಲ್ಲಿ ಆ ನಷ್ಟವನ್ನು ತುಂಬಿಕೊಳ್ಳಬಹುದು. ಟ್ರೈಲರು ಮಗುಚಿ ಒಂದು ಜೀವ ಹೋದರೆ ಅದನ್ನು ತುಂಬುವ ಬೆಳೆಯಿಲ್ಲ.

ಪೂರ್ವದಲ್ಲಿ ಈ ಸೀಮೆಯ ಗಾಡಿಗಳಿಗೆ ಮರದ ಗಾಲಿ, ಅದರ ಮೇಲೆ ಕಬ್ಬಿಣದ ಪಟ್ಟೆ. ಪಟ್ಟೆಯು ಕಿರಿದಾದುದರಿಂದ ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುತ್ತಿತ್ತು. ದಾರಿಯ ಒಂದೊಂದು ಕಲ್ಲಿನ ಪೆಟ್ಟೂ ಅಚ್ಚು, ಮೂಕಿ, ನೊಗಗಳ ಮೂಲಕ ಎತ್ತಿನ ಹೆಗಲಿಗೆ ಮುಟ್ಟುತ್ತಿತ್ತು. ವೇಗಕ್ಕೂ ತಾಳ್ಮೆಗೂ ಹೆಸರಾಗಿ, ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಪಾಲನೆಯಾಗುತ್ತಿರುವ ಅಮೃತಮಹಲ್ ತಳಿಯ ಎತ್ತಿಗೂ ಈ ಪೆಟ್ಟು ತಪ್ಪಿದುದಲ್ಲ. ಗಾಳಿ ತುಂಬಿದ ಗಾಲಿಗೆ ರಾಬರ್ಟ್ ಥಾಮ್ಸನ್ ಎಂಬವನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋಗಿರಲು, ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಬಂಡಿಗಾಗಿ ಅಂತಹುದನ್ನೇ ಹೊಸದಾಗಿ ರಚಿಸಿ 1888ರಲ್ಲಿ ಹಕ್ಕುಪತ್ರ ಪಡೆದನು. ಆತನ ವೃತ್ತಿಯು ಪಶುವೈದ್ಯವೆಂಬುದು ಇಲ್ಲಿ ಸ್ಮರಣೀಯವು.

ಭಾರವನ್ನು ಹೊರುವುದು ಯಾವುದು?

ಟೈರು ಭಾರವನ್ನು ಹೊರುವುದು ರಬ್ಬರಿನ ಬಲದಿಂದ ಎಂಬುದು ಸಾಮಾನ್ಯ ಭಾವನೆ. ಇದು ಸರಿಯಲ್ಲ. ಭಾರವನ್ನು ಹೊರುವುದು ಒಳಗಿನ ಗಾಳಿ. ರಬ್ಬರೂ ನೂಲಿನ ಪದರಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಒಂದು ಗಾಲಿಯ ಮೇಲೆ 1,000 ಪೌಂಡು, ಎಂದರೆ ಸುಮಾರು ನಾಲ್ಕೂವರೆ ಕ್ವಿಂಟಲ್, ಭಾರವಿದೆಯೆಂದು ಭಾವಿಸೋಣ. ಗಾಳಿಯ ಒತ್ತಡ ಚದರಂಗುಲಕ್ಕೆ 40 ಪೌಂಡು ಇದ್ದರೆ ಟೈರು ಸುಮಾರು 25 ಚದರಂಗುಲದಷ್ಟು ನೆಲವನ್ನು ಮುಟ್ಟುವುದು. ಒತ್ತಡ 20ಕ್ಕೆ ಇಳಿದರೆ ಸುಮಾರು 50 ಚದರಂಗುಲವನ್ನು ಮುಟ್ಟಲೇಬೇಕು. ಇದಕ್ಕಾಗಿ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲಿಯೂ ಬಹಳವಾಗಿ ಬಾಗಿ ಏಳುವವು. ಹಾಗೆ ಬಾಗುವುದರಿಂದ ಶಾಖ ಹುಟ್ಟಿ, ಪದರಗಳು ಬಿಟ್ಟುಕೊಂಡು, ಕೊನೆಗೆ ಟೈರು ಒಡೆಯುವುದು.

ಹೊಲಕ್ಕೊಂದು, ರಸ್ತೆಗೊಂದು

ಹೊಲದಲ್ಲಿ ಮಾತ್ರ ಕಡಿಮೆ ಗಾಳಿಯಿಂದ ಗುಣವುಂಟು. ಟೈರು ಅಗಲವಾಗಿ ಹರಡಿಕೊಳ್ಳುವುದರಿಂದ ಹಿಡಿತ ಹೆಚ್ಚುವುದು. ಎರೆಭೂಮಿಯು ಗಟ್ಟಿಯಾಗಿ ಅಮುಕಿಕೊಳ್ಳುವುದು ಕಡಿಮೆಯಾಗುವುದು. ಸಾಧಾರಣ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ಉಳುಮೆಯಲ್ಲಿ 12ರಿಂದ 15 ಪೌಂಡು, ರಸ್ತೆಯಲ್ಲಿ ಟ್ರೈಲರು ಎಳೆಯುವಾಗ 20 ಪೌಂಡಿನ ಸುಮಾರು ಇರುವುದು ವಾಡಿಕೆ. ನಿಶ್ಚಿತವಾದ ಅಂಕಿಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಉಳುಮೆಗೆ ಗಾಳಿ ಇಳಿಸಿ, ಅದೇ ಗಾಳಿಯಲ್ಲಿ ಟ್ರೈಲರು ಹೂಡಿ ಪೇಟೆಗೆ ಹೊರಡುವುದೇ ಬಹು ಟೈರುಗಳ ನಾಶಕ್ಕೆ ಮೂಲ. ಭತ್ತದ ಗದ್ದೆಗೆ ಹಾಕುವ ಕೇಜ್ ವೀಲುಗಳನ್ನಂತೂ ರಸ್ತೆಗೆ ತರಲೇ ಕೂಡದು.

ಕೊಳ್ಳುವಾಗ ನೋಡತಕ್ಕವು

ಟೈರಿನ ಪಕ್ಕದ ಬರಹವನ್ನು ಓದಲು ಕಲಿಯಬೇಕು. 13.6–28 ಎಂದಿದ್ದರೆ ಟೈರಿನ ಅಗಲ 13.6 ಅಂಗುಲ, ಅದು ಕೂರುವ ರಿಮ್ಮಿನ ಅಡ್ಡಳತೆ 28 ಅಂಗುಲ. ಪಿ.ಆರ್. ಎಂಬುದರ ಜೊತೆಗಿನ ಸಂಖ್ಯೆಯು ಪದರಗಳ ಬಲವನ್ನು ಸೂಚಿಸುವುದು. ಈ ಸಂಖ್ಯೆ ಹೆಚ್ಚಾದರೆ ಹೆಚ್ಚು ಗಾಳಿಯನ್ನು ತಡೆಯಬಲ್ಲದೆಂದು ಅರ್ಥ. ಅಷ್ಟು ಗಾಳಿಯನ್ನು ತುಂಬದಿದ್ದರೆ ಹೆಚ್ಚಿನ ಬೆಲೆ ತೆತ್ತುದು ವ್ಯರ್ಥ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸಿರುವಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುವುವು: 1224 ಎಂದರೆ 2024ರ 12ನೆಯ ವಾರ. ಗಾಡಿ, ಟ್ರೈಲರುಗಳ ಟೈರು ಓಡಿ ಸವೆಯುವುದಕ್ಕಿಂತ ನಿಂತು ಮುಪ್ಪಾಗುವುದೇ ಹೆಚ್ಚಾದಕಾರಣ ಇದನ್ನು ಅಲಕ್ಷಿಸಬಾರದು.

ಹಳೆಯ ಟೈರನ್ನು ಕೊಳ್ಳುವವರು ಒಳಮೈಯನ್ನು ಕೈಯಾಡಿಸಿ ಪರೀಕ್ಷಿಸಬೇಕು. ನೂಲು ಕಂಡರೆ, ಉಬ್ಬಿದ್ದರೆ, ಪಕ್ಕದಲ್ಲಿ ಆಳವಾದ ಬಿರುಕಿದ್ದರೆ ಅಗ್ಗವೆಂದು ಒಪ್ಪಕೂಡದು. ರೀಸೋಲ್ ಮಾಡಿಸಿದ ಟೈರನ್ನು ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಹಾಕಲಾಗದು. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಒಂದೇ ಅಳತೆಯ, ಒಂದೇ ಸಮ ಸವೆದ ಟೈರುಗಳಿರಬೇಕು. ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಜೋಡಿಸಿದ ಮೇಲೆ ಹಿಂದಿನಿಂದ ನೋಡಿದರೆ ಅದರ ಹಲ್ಲುಗಳ ಮೊನೆ ಮೇಲ್ಮುಖವಾಗಿರಬೇಕು. ತಿರುವುಮುರುವಾದರೆ ಮಣ್ಣು ಕಳಚದೆ ಹಿಡಿತ ತಪ್ಪುವುದು.

ನಿತ್ಯದ ಆರೈಕೆ

ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಗಾಡಿ ಹೊರಡುವ ಮುನ್ನ ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಕಂಡು ನಡುದಾರಿಯಲ್ಲಿ ಗಾಳಿ ಬಿಡುವುದು ತಪ್ಪು. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡಂಚು ಸವೆದಿದ್ದರೆ ಕಡಿಮೆಯಾಗಿತ್ತೆಂದೂ, ಒಂದೇ ಅಂಚು ಸವೆದಿದ್ದರೆ ಅಚ್ಚು ಬಾಗಿದೆ ಇಲ್ಲವೆ ಗಾಲಿ ಓರೆಯಾಗಿದೆಯೆಂದೂ ತಿಳಿಯಬೇಕು. ಸಂಜೆ ಹೊಲದಿಂದ ಬಂದಮೇಲೆ ಜಾಲಿಮುಳ್ಳುಗಳನ್ನು ಕಿತ್ತು ತೆಗೆಯಬೇಕು. ಇಂದು ಹೊರಪದರದಲ್ಲಿರುವ ಮುಳ್ಳು ನಾಳೆ ಟ್ಯೂಬನ್ನು ಮುಟ್ಟುವುದು. ಎಣ್ಣೆ, ಗ್ರೀಸು ತಗುಲಿದರೆ ತೊಳೆಯಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಅಚ್ಚಿನ ಕೆಳಗೆ ದಿಮ್ಮಿಯಿಟ್ಟು ಗಾಲಿಯನ್ನು ನೆಲದಿಂದೆತ್ತಿ, ನೆರಳಿನಲ್ಲಿ ನಿಲ್ಲಿಸಬೇಕು.

ಎತ್ತಿನ ಟೈರುಗಾಡಿಯವರಿಗೆ ಒಂದು ಮಾತು ವಿಶೇಷವಾಗಿ ಹೇಳತಕ್ಕದ್ದಿದೆ. ರಬ್ಬರಿನ ಗಾಲಿ ಹಗುರವಾಗಿ ಉರುಳುವುದೆಂದು ಮಿತಿಮೀರಿ ಹೇರಿದರೆ, ಇಳಿಜಾರಿನಲ್ಲಿ ಆ ಭಾರವೆಲ್ಲವೂ ಎತ್ತಿನ ಕೊರಳಿನ ಮೇಲೆ ನುಗ್ಗುವುದು. ಏರಿನಲ್ಲಿ ಉಪಕಾರಿಯಾದ ಗುಣವೇ ಇಳಿತದಲ್ಲಿ ಅಪಕಾರಿಯಾಗುವುದು. ಆದುದರಿಂದ ಬ್ರೇಕಿಲ್ಲದ ಟೈರುಗಾಡಿಯನ್ನು ಘಟ್ಟದ ದಾರಿಗೆ ಹೂಡಬಾರದು.

ಗಾಳಿ ಅಳೆಯುವ ಗೇಜು ಹೊಸ ಟೈರಿನ ಬೆಲೆಯ ಮುಂದೆ ಅತ್ಯಲ್ಪ ವೆಚ್ಚದ್ದು. ಒಬ್ಬನಿಗೆ ಹೊರೆಯೆನಿಸಿದರೆ ನಾಲ್ಕು ಮನೆಯವರು ಕೂಡಿ ಒಂದನ್ನು ಇಟ್ಟುಕೊಳ್ಳಬಹುದು. ಹೊಲಕ್ಕೆ ಹೊರಟಾಗ ಹೊಲದ ಗಾಳಿ, ಪೇಟೆಗೆ ಹೊರಟಾಗ ರಸ್ತೆಯ ಗಾಳಿ ಎಂಬ ಈ ಒಂದು ನಿಯಮವನ್ನು ಪಾಲಿಸಿದರೆ ಟೈರು ಬಾಳುವುದು, ನೆಲ ಕೆಡದು, ಗಾಡಿಯೊಡನೆ ಹೋದವರು ಸುಖವಾಗಿ ಮನೆ ಸೇರುವರು.