ವೇಣುಗೋಪಾಲ ಪಾರ್ಕಿನ ಲೆಕ್ಕ

ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವಾಗ ಸಿಗುವ ಬಂಡೀಪುರಕ್ಕೆ ಒಂದು ಕಾಲದಲ್ಲಿ ಬೇರೆ ಹೆಸರಿತ್ತು: ವೇಣುಗೋಪಾಲ ವನ್ಯಜೀವಿ ಪಾರ್ಕ್. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದು. ನೆಲ ಮಾತ್ರ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದರೊಳಗೆ 90 ಚದರ ಕಿಲೋಮೀಟರನ್ನು ಅಭಯಾರಣ್ಯವೆಂದು ಕಾದಿರಿಸಿದರು. ಅಷ್ಟು ಸಾಲದೆಂದು 1941ರಲ್ಲಿ 800 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಹತ್ತೇ ವರ್ಷದಲ್ಲಿ ಸುಮಾರು ಒಂಬತ್ತು ಪಟ್ಟು!

1973ರಲ್ಲಿ ಹುಲಿ ಯೋಜನೆ ಬಂತು. ದೇಶದ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದಾಯಿತು. ಹಳೆಯ ಹೆಸರು ಕಡತ ಸೇರಿತು. ಆಗ ಇಲ್ಲಿದ್ದ ಹುಲಿಗಳು ಬರೀ 12 ಎಂದು ದಾಖಲೆ ಹೇಳುತ್ತದೆ. 2022ರ ಗಣತಿಯಲ್ಲಿ ಸಿಕ್ಕವು 150. ಅಂದು ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು, ಇಂದು ಕ್ಯಾಮೆರಾ ಹಿಡಿದ ಮೈಪಟ್ಟೆ ನೋಡಿ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಹಾಗಿದ್ದರೂ ಈ 150 ನನ್ನನ್ನು ಬೆರಗಾಗಿಸುತ್ತದೆ. ಇಡೀ ಭಾರತದ ಹುಲಿಗಳು ಸುಮಾರು 3,682. ಅಂದರೆ ಪ್ರತಿ ಇಪ್ಪತ್ತೈದರಲ್ಲಿ ಒಂದು ಇಲ್ಲಿಯದು.

ಹೊರಗಿನ ಬಫರ್ ವಲಯ ಬಿಟ್ಟರೆ ಮೀಸಲಿನ ವಿಸ್ತೀರ್ಣ ಸುಮಾರು 872 ಚದರ ಕಿಲೋಮೀಟರ್. ಬಿಬಿಎಂಪಿ ಕಾಲದ ಬೆಂಗಳೂರು ಏಳುನೂರು ಚಿಲ್ಲರೆ. ಅಷ್ಟರಲ್ಲೇ 2011ರಲ್ಲಿ 84 ಲಕ್ಷ ಜನ ಇದ್ದರು. ಇಲ್ಲಿ ಒಂದೊಂದು ಹುಲಿಯ ಪಾಲಿಗೆ ಸುಮಾರು ಆರು ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಸಾವಿರ ಎಕರೆ. ಇಷ್ಟೊಂದು ಏಕೆ? ಉತ್ತರ ಅದರ ಹೊಟ್ಟೆಯಲ್ಲಿದೆ. ಹುಲಿಯೊಂದಕ್ಕೆ ವರ್ಷಕ್ಕೆ ಜಿಂಕೆ, ಕಡವೆಯಂಥ ಸುಮಾರು 50 ಪ್ರಾಣಿ ಬೇಕು. ಆ ಐವತ್ತು ಹೋದರೂ ಹಿಂಡು ಕುಗ್ಗದಿರಬೇಕಾದರೆ 500 ಇರಬೇಕು ಎಂಬುದು ಉಲ್ಲಾಸ ಕಾರಂತರಂಥ ವಿಜ್ಞಾನಿಗಳು ಕಂಡುಕೊಂಡ ಸೂತ್ರ. ಗುಣಿಸಿ ನೋಡಿ: 150 ಹುಲಿಗೆ ವರ್ಷಕ್ಕೆ 7,500 ಬೇಟೆ, ದಿನಕ್ಕೆ ಇಪ್ಪತ್ತು; ಅದರ ಬೆನ್ನಿಗೆ 75,000 ಜೀವಗಳ ಹಿಂಡು. ಹುಲಿ ಉಳಿಸುವುದೆಂದರೆ ಮೊದಲು ಹುಲ್ಲು ಉಳಿಸುವುದು. ಹುಲ್ಲನ್ನು ನುಂಗುತ್ತಿರುವ ಲಂಟಾನ ಪೊದೆಯ ಬಗ್ಗೆ ನನಗಿರುವ ಭಯ ಕೋವಿಯ ಬಗ್ಗೆಯೂ ಇಲ್ಲ.

ಆನೆಗಳ ಲೆಕ್ಕ ಇನ್ನೂ ದೊಡ್ಡದು. 2023ರ ಗಣತಿಯಲ್ಲಿ ಬಂಡೀಪುರದಲ್ಲಿ 1,116. ಒಂದಕ್ಕೆ ದಿನಕ್ಕೆ 150 ಕಿಲೋ ಮೇವು ಎಂದುಕೊಂಡರೂ 167 ಟನ್ ಆಯಿತು. ಹತ್ತು ಟನ್ ಹೊರುವ ಲಾರಿಗೆ ತುಂಬಿದರೆ ಹದಿನಾರು ಲೋಡ್ ದಾಟುತ್ತದೆ, ಪ್ರತಿದಿನ.

ಈ ಜೀವಗಳು ನಿರ್ಭಯವಾಗಿ ರಸ್ತೆ ದಾಟಲೆಂದು 2009ರಿಂದ ಇಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಆಂಬುಲೆನ್ಸ್, ಬೆರಳೆಣಿಕೆಯ ಬಸ್ಸುಗಳಿಗಷ್ಟೇ ವಿನಾಯಿತಿ. ದಿನಕ್ಕೆ ಒಂಬತ್ತು ಗಂಟೆ ವರ್ಷಕ್ಕೆ 3,285 ಗಂಟೆಯಾಗುತ್ತದೆ, ಹೆಚ್ಚುಕಡಿಮೆ 137 ದಿನ. ನಿಷೇಧ ತೆಗೆಯಿರಿ ಎಂದು ಕೇರಳದಿಂದ ಎಷ್ಟೇ ಒತ್ತಡ ಬಂದರೂ ಈ ದಿನಗಳಲ್ಲಿ ಒಂದನ್ನೂ ಬಿಟ್ಟುಕೊಡಬಾರದು.

ಆದರೆ ಕಾಡಿನ ಗೆರೆ ಹುಲಿಗೆ ಗೊತ್ತಿಲ್ಲ. ಗಡಿಯೊಳಗೆ 150 ಎಂದ ಅದೇ ವರದಿ, ಮೀಸಲನ್ನು ಬಳಸುವ ಹುಲಿಗಳು 191 ಎನ್ನುತ್ತದೆ. ಉಳಿದ 41ರ ಓಡಾಟ ಪಕ್ಕದ ಕಾಡುಗಳಿಗೂ ಅಂಚಿಗೂ ಹರಡಿದೆ. ಆ ಅಂಚಿನಲ್ಲೇ ಚೆಂಡುಹೂವಿನ ಹೊಲ, ಅರಿಶಿನ, ಟೊಮೆಟೊ, ಜೇನುಕುರುಬರ ಹಾಡಿ, ಕೊಟ್ಟಿಗೆಯ ದನ. 2025ರ ಜೂನ್‌ನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಬೆರೆಸಿದ ದನದ ಮಾಂಸ ತಿಂದು ಸತ್ತವು. ಒಂದೇ ಏಟಿಗೆ ಐದು. 12 ಹುಲಿಗಳ ಕಾಲದಲ್ಲಾಗಿದ್ದರೆ ಹೆಚ್ಚುಕಡಿಮೆ ಅರ್ಧ. ದನ ಕಳೆದುಕೊಂಡವನ ಸಿಟ್ಟು ವಿಷವಾಗದಿರಬೇಕಾದರೆ ಅವನ ಕೈಗೆ ಪರಿಹಾರ ಅದೇ ವಾರ ಸೇರುವ ವ್ಯವಸ್ಥೆ, ಇನ್ನೊಂದು ಕ್ಯಾಮೆರಾ ಕಟ್ಟುವುದಕ್ಕಿಂತ ಮೊದಲು ಆಗಬೇಕು.