ವಿಫಲವಾದ ದಂಗೆಯ ಫಲ: ಮ್ಯೂನಿಕ್ ಮತ್ತು ನಗರ

ಸೋತ ದಂಗೆಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ನಮ್ಮ ಪಠ್ಯಪುಸ್ತಕಗಳ ವಾಡಿಕೆ. ಆದರೆ ಆ ಸೋಲಿನ ಬೆಳೆಯನ್ನು ಕೊಯ್ದವರು ಯಾರೆಂದು ಕೇಳಿದಾಗ ವಿಷಯವು ಬೇರೆಯೇ ಆಗಿ ತೋರುತ್ತದೆ.

1923ರ ನವೆಂಬರ್ 8ರ ರಾತ್ರಿ ಹಿಟ್ಲರನು ಮ್ಯೂನಿಕ್ ನಗರದ ಪಾನಗೃಹವೊಂದರಲ್ಲಿ ಬವೇರಿಯದ ಆಡಳಿತಗಾರರನ್ನು ಸೆರೆಹಿಡಿದು ಅಧಿಕಾರವನ್ನು ಕಸಿಯಲೆಳಸಿದನು. ಮರುದಿನವೇ ಪೊಲೀಸರ ಗುಂಡಿನೆದುರು ಆ ಯತ್ನ ಮುರಿದುಬಿತ್ತು. ಸುಮಾರು 20 ಮಂದಿ ಸತ್ತರು. ಆತನ ರಾಜಕೀಯ ಜೀವನವು ಅಲ್ಲಿಗೇ ಮುಗಿಯಬೇಕಿತ್ತು. ನ್ಯಾಯಾಲಯವು ಅದನ್ನು ಮುಗಿಯಗೊಡಲಿಲ್ಲ. ಅಪರಾಧಿಯ ಪೀಠವನ್ನು ಆತನು ಭಾಷಣವೇದಿಕೆಯಾಗಿ ಮಾಡಿಕೊಂಡನು; ಪತ್ರಿಕೆಗಳು ಆ ಮಾತುಗಳನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಆಸ್ಟ್ರಿಯದ ಪ್ರಜೆಯಾಗಿದ್ದ ಆತನನ್ನು ಗಡೀಪಾರು ಮಾಡಲು ಕಾನೂನಿನಲ್ಲಿ ಅವಕಾಶವಿದ್ದರೂ ನ್ಯಾಯಾಧೀಶರು ಒಪ್ಪಲಿಲ್ಲ. 1924ರ ಏಪ್ರಿಲ್ 1ರಂದು ವಿಧಿಸಿದ ಐದು ವರ್ಷಗಳ ಶಿಕ್ಷೆ ಡಿಸೆಂಬರ್ 20ಕ್ಕೆ ಮುಗಿದುಹೋಯಿತು. ಬಲಪ್ರಯೋಗಕ್ಕಿಂತ ಮತಪೆಟ್ಟಿಗೆಯ ದಾರಿಯೇ ಸುಗಮವೆಂಬ ಪಾಠವನ್ನು ಆತನು ಕಲಿತನು. ಹಾಗೆಂದು ದಂಗೆಯೊಂದೇ ಆತನನ್ನು ಮೇಲಕ್ಕೆತ್ತಿತೆನ್ನಲಾಗದು. 1928ರಲ್ಲಿ ಆತನ ಪಕ್ಷಕ್ಕೆ ದೊರೆತುದು ಶೇಕಡ 2.6 ಮತಗಳು ಮಾತ್ರ. ಆರ್ಥಿಕ ಕುಸಿತದ ನಂತರ, 1930ರಲ್ಲಿ, ಅದು 18.3ಕ್ಕೇರಿತು. ದಂಗೆಯು ಹೆಸರನ್ನು ಕೊಟ್ಟಿತು; ಹಸಿವು ಜನರನ್ನು ಕೊಟ್ಟಿತು.

ಈಗ ನಮ್ಮ ಸೀಮೆಗೆ ಬರೋಣ. ಶಿವಮೊಗ್ಗವೂ ಅಂದು ಬೆಂಕಿಪುರವೆನಿಸಿದ್ದ ಭದ್ರಾವತಿಯೂ ಸೇರಿದ್ದ ನಗರ ಪ್ರಾಂತದಲ್ಲಿ 1830ರಲ್ಲಿ ರೈತರು ಕೂಟಗಳಾಗಿ ನೆರೆದರು. ಹಸಿವಿನ ಸ್ಥಾನದಲ್ಲಿ ಇಲ್ಲಿದ್ದುದು ಕಂದಾಯ. ಶರತ್ತಿನ ಪದ್ಧತಿಯಲ್ಲಿ ಅಮಲ್ದಾರನು ಇಂತಿಷ್ಟು ಹಣವನ್ನು ಒಪ್ಪಿಸುವೆನೆಂದು ಬರೆದುಕೊಡುತ್ತಿದ್ದನು. ಕೊರತೆಯಾದರೆ ತಾನೇ ತುಂಬಬೇಕು. ತುಂಬುವವನು ಅದನ್ನು ಎಲ್ಲಿಂದ ತರುವನೆಂಬುದನ್ನು ವಿವರಿಸಬೇಕಾಗಿಲ್ಲ. ಆಗ ಸಾದರ ಮಲ್ಲನೆಂಬ ರೈತನ ಮಗನು ತಾನು ಕೆಳದಿಯ ಅರಸು ಮನೆತನದವನೆಂದೂ ಬೂದಿ ಬಸಪ್ಪ ನಾಯಕನೆಂದೂ ಸಾರಿಕೊಂಡು, ಕಂದಾಯದ ಬಾಕಿಯನ್ನು ಬಿಡುವೆನೆಂದು ಮಾತುಕೊಟ್ಟು ಮುಂದಾಳಾದನು. 1763ರಲ್ಲಿ ಹೈದರನಿಂದ ಅಳಿದಿದ್ದ ಆ ಮನೆತನದ ನೆನಪು ಮಲೆನಾಡಿನಲ್ಲಿ ಇನ್ನೂ ಆರಿರಲಿಲ್ಲ. ಇಂಗ್ಲಿಷರ ಬರಹಗಳು ಈತನನ್ನು ದರೋಡೆಗಾಗಿ ಸೆರೆವಾಸ ಕಂಡವನೆನ್ನುತ್ತವೆ. ಅವು ಗೆದ್ದವರ ಕಾಗದಗಳೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

1831ರ ಜೂನ್ 12ರಂದು ಕಂಪನಿಯ ಪಡೆ ನಗರದ ಕೋಟೆಯನ್ನು ಹಿಡಿಯಿತು. ಸಾದರ ಮಲ್ಲನಿಗೆ ನ್ಯಾಯಾಲಯದ ವೇದಿಕೆಯಾಗಲಿ, ಅವನ ಮಾತನ್ನು ಹರಡುವ ಪತ್ರಿಕೆಯಾಗಲಿ ದೊರೆಯಲಿಲ್ಲ. ಈ ಸೋಲಿನ ಲಾಭ ಮೂರನೆಯವರ ಪಾಲಾಯಿತು. ದುರಾಡಳಿತದ ಕಾರಣವನ್ನೊಡ್ಡಿ ಬೆಂಟಿಂಕನು ಅದೇ ವರ್ಷದ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಿದ ನಾಲ್ವರ ಸಮಿತಿಯು ವರದಿಯನ್ನೊಪ್ಪಿಸಿದ್ದು 1833ರ ಡಿಸೆಂಬರಿನಲ್ಲಿ. ತೀರ್ಪು ಮೊದಲು, ವಿಚಾರಣೆ ಆಮೇಲೆ! ರಾಜ್ಯವು ಒಡೆಯರ ಮನೆತನಕ್ಕೆ ಮರಳಿದುದು 1881ರಲ್ಲಿ.